ಸುಬ್ಬರಾಯರ ಎರಡು ಮಾತ್ರೆಗಳು



ನಮ್ಮ ಅಲ್ ಸದ್ದ್‌ನ ಔಷಧದಂಗಡಿಗಳಲ್ಲಿ ಕೀಲುವಾತದ ರೋಗಿಗಳು ಒಂದೇ ಚೀಟಿಯಲ್ಲಿ ಎರಡು ಮಾತ್ರೆ ಕೊಳ್ಳುವುದುಂಟು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಅದರ ಉಪದ್ರವ ತಗ್ಗಿಸಲು ಫೋಲಿಕ್ ಆಸಿಡ್. ಮೊದಲನೆಯದು ಎರಡನೆಯದರ ಶತ್ರು. ಇವೆರಡನ್ನೂ ಪ್ರಯೋಗಶಾಲೆಯಲ್ಲಿ ಮೊದಲು ತಯಾರಿಸಿದ ತಂಡದ ಮುಖ್ಯಸ್ಥರು ಭೀಮವರಂನ ತೆಲುಗರು, ಯಲ್ಲಾಪ್ರಗಡ ಸುಬ್ಬಾರಾವ್. ನಮ್ಮ ಬಾಯಿಗೆ ಸುಬ್ಬರಾಯರು. ರಕ್ತದ ಕ್ಯಾನ್ಸರಿಗೆ ಮದ್ದು ಹುಟ್ಟಿದ ಕಥೆ ಇವರನ್ನು ಬಿಟ್ಟರೆ ಅರ್ಧ ಕಥೆ.

ಆ ಕಥೆಯ ಒಂದು ಎಳೆ ಮುಂಬಯಿಯಲ್ಲಿದೆ. 1928ರಲ್ಲಿ ಅಲ್ಲಿಗೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಬಡ ಬಸುರಿಯರ ರಕ್ತಹೀನತೆಗೆ ಕಾರಣ ಹುಡುಕುತ್ತಿದ್ದರು. ಬ್ರೆಡ್ಡಿಗೆ ಸವರುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟಿನ ಸಾರ ಅದನ್ನು ಗುಣಪಡಿಸಿತು. ಅದರಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಸಿಡ್ ಎನಿಸಿತು. ದೇಹ ಹೊಸ ರಕ್ತಕಣ ಕಟ್ಟಲು ಅದು ಬೇಕೇ ಬೇಕು.

ಸುಬ್ಬರಾಯರು ಹುಟ್ಟಿದ್ದು 1895ರಲ್ಲಿ. ಮದ್ರಾಸಿನಲ್ಲಿ ವೈದ್ಯ ಓದುವಾಗ ಖಾದಿಯ ಗೌನು ತೊಟ್ಟು ಶಸ್ತ್ರಚಿಕಿತ್ಸೆಯ ಬಿಳಿಯ ಪ್ರಾಧ್ಯಾಪಕರ ಕೋಪಕ್ಕೆ ಗುರಿಯಾದರು, ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಕೈಗೆ ಬಂತು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಗ್ರಹಣಿ ರೋಗಕ್ಕೆ ಬಲಿಯಾದರು. ತಾವೂ ಅದೇ ಕಾಯಿಲೆಗೆ ಬಿದ್ದು ಆಯುರ್ವೇದದಿಂದ ಉಳಿದರು. ಕರುಳು ಫೋಲಿಕ್ ಆಸಿಡ್ಡನ್ನು ಹೀರಿಕೊಳ್ಳದ ರೋಗವದು ಎಂದು ಆಗ ಯಾರಿಗೆ ಗೊತ್ತಿತ್ತು?

1923ರಲ್ಲಿ ಮಾವನವರ ನೆರವಿನಿಂದ ಬಾಸ್ಟನ್ ಸೇರಿದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಲಸ. ಹಾರ್ವರ್ಡಿನಲ್ಲಿ ಫಿಸ್ಕೆ ಜೊತೆ ಮಾಡಿದ ರಂಜಕದ ಅಳತೆಯ ವಿಧಾನ ಇಬ್ಬರ ಹೆಸರಿನಲ್ಲೇ ಪ್ರಸಿದ್ಧವಾಯಿತು. ಕಾಯಂ ಹುದ್ದೆ ಮಾತ್ರ ದಕ್ಕಲಿಲ್ಲ. 1940ರಲ್ಲಿ ನ್ಯೂಯಾರ್ಕ್ ಬಳಿಯ ಪರ್ಲ್ ರಿವರ್‌ನ ಲೆಡರ್ಲಿ ಕಂಪನಿಗೆ ಹೋದರು. 1945ರಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಈ ಬಗೆಯ ವಸ್ತುಗಳನ್ನು ಲ್ಯುಕೇಮಿಯಾದ ಮಕ್ಕಳಿಗೆ ಕೊಟ್ಟು ನೋಡಿದರು. ರೋಗ ಇಳಿಯುವ ಬದಲು ಏರಿತು! ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೋ ಏನೋ. ಫಾರ್ಬರ್ ತಿರುಗಿಸಿ ಯೋಚಿಸಿದರು: ಕೊಟ್ಟರೆ ಕೆರಳುವುದಾದರೆ, ತಡೆದರೆ ಸೊರಗಬೇಕಲ್ಲವೆ? ಫೋಲಿಕ್ ಆಸಿಡ್ಡಿನ ವೇಷ ಹಾಕಿ ಜೀವಕೋಶವನ್ನು ವಂಚಿಸುವ ನಕಲಿ ಅಣುಗಳು ಪರ್ಲ್ ರಿವರ್‌ನಿಂದ ಬಂದವು. ಅವುಗಳಲ್ಲಿ ಅಮಿನೊಪ್ಟೆರಿನ್ ಒಂದು. 1948ರ ಜೂನ್ 3ರ ವರದಿಯಂತೆ ಅದನ್ನು ಪಡೆದ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು. ತಿಂಗಳುಗಳ ಮಟ್ಟಿಗೆ ಮಾತ್ರ, ರೋಗ ಮರಳಿತು. ಆದರೂ ಅದುವರೆಗೆ ಇಷ್ಟು ಕೂಡ ಆಗಿರಲಿಲ್ಲ. ವರದಿಗೆ ಐವರು ಲೇಖಕರು, ಸುಬ್ಬರಾಯರು ಅವರಲ್ಲಿಲ್ಲ. ಅದೇ ಆಗಸ್ಟ್‌ನಲ್ಲಿ, 53ರ ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು.

ಪರದೇಶದಲ್ಲಿರುವ ನಮ್ಮನ್ನು ಹೆಚ್ಚು ಕಲಕುವುದು ಇನ್ನೊಂದು ಸಂಗತಿ. ಕೆಲವು ವರ್ಷಗಳಲ್ಲಿ ಬರುತ್ತೇನೆಂದು ಹೆಂಡತಿ ಶೇಷಗಿರಿಯವರನ್ನು ಬಿಟ್ಟು ಹೊರಟವರು ಇಪ್ಪತ್ತೈದು ವರ್ಷವಾದರೂ ಊರಿಗೆ ಮರಳಲಿಲ್ಲ. ಹೊರಟ ಮೇಲೆ ಹುಟ್ಟಿದ ಮಗ ಎಳೆಗೂಸಾಗಿಯೇ ತೀರಿಕೊಂಡ; ತಂದೆ ಅವನ ಮುಖ ಕಾಣಲಿಲ್ಲ. ಇತ್ತ ಅಮೆರಿಕದ ಪ್ರಜೆಯೂ ಆಗಲಿಲ್ಲ. ವಿಜ್ಞಾನಕ್ಕೆ ಬಾಳು ಸವೆಸಿದರು ಎಂದು ಹೊಗಳುವಾಗ ಆ ಬಾಳಿನಲ್ಲಿ ಶೇಷಗಿರಿಯವರ ಪಾಲೆಷ್ಟು ಎಂದೂ ಲೆಕ್ಕ ಹಾಕಬೇಕೆಂದು ನಮಗನಿಸುತ್ತದೆ.

ಅಮಿನೊಪ್ಟೆರಿನ್‌ಗಿಂತ ಸೌಮ್ಯವಾದ ಅದರ ಒಡಹುಟ್ಟು ಮೆಥೊಟ್ರೆಕ್ಸೇಟ್ ಮುಂದೆ ನೆಲೆನಿಂತಿತು. ಉಗಾಂಡಾದ ಮಕ್ಕಳ ದವಡೆಯಲ್ಲಿ ಉಬ್ಬುವ ಲಿಂಫೋಮಾವನ್ನು 1958ರಲ್ಲಿ ವರ್ಣಿಸಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್, 1960ರ ದಶಕದಲ್ಲಿ ಇದನ್ನೇ ಕೊಟ್ಟು ಗಡ್ಡೆಗಳು ಕರಗುವುದನ್ನು ಕಂಡರು.

ದೋಹಾದಲ್ಲಿ 2004ರಲ್ಲಿ ಕ್ಯಾನ್ಸರಿಗೆಂದೇ ಅಲ್ ಅಮಲ್ ಆಸ್ಪತ್ರೆ ತೆರೆಯಿತು. ಹೆಸರು ಕೇಳಿ ಕನ್ನಡದ ಕಿವಿಗೆ ಬೇರೆಯದೇ ಅಮಲು ನೆನಪಾದರೆ ತಪ್ಪಿಲ್ಲ. ಅರಬ್ಬಿಯಲ್ಲಿ ಅದಕ್ಕೆ ಭರವಸೆ ಎಂದರ್ಥ. ಈಗ ಅದು ರಾಷ್ಟ್ರೀಯ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಕೇಂದ್ರ. ಸಿರಿವಂತ ದೇಶಗಳಲ್ಲಿ ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಗುಣವಾಗುತ್ತದೆ. ಹಲವು ಮದ್ದುಗಳು ಸೇರಿ ಮಾಡುವ ಕೆಲಸವದು. ಬೆನ್ನುಹುರಿಯ ದ್ರವಕ್ಕೆ ಸೂಜಿಯಲ್ಲಿ ಮೆಥೊಟ್ರೆಕ್ಸೇಟ್ ಕೊಡುವುದು ಮಾತ್ರ ಈಗಲೂ ತಪ್ಪಿಲ್ಲ.