ಉಪ್ಪುನೀರಿನ ಗದ್ದೆ: ಅಘನಾಶಿನಿಯ ಗಜನಿಯಲ್ಲಿ ಭತ್ತವೂ ಮೀನೂ



ನಲ್ಲೂರಿನವರಾದ ನಮಗೆ ಮೀನು ಅಂದರೆ ಸೂಳೆಕೆರೆ ಮೀನು. ಶಾಂತಿಸಾಗರವೆಂದು ಹೆಸರಾದ ಆ ಕೆರೆಯದು ಸಿಹಿನೀರು. ಹೆಚ್ಚಾದದ್ದು ಹರಿದ್ರಾ ಹಳ್ಳವಾಗಿ ಹರಿಹರದ ಬಳಿ ತುಂಗಭದ್ರೆಯನ್ನು ಸೇರಿ ಮೂಡಣಕ್ಕೆ ಹೋಗುತ್ತದೆ. ಘಟ್ಟದಿಂದ ಪಡುವಣಕ್ಕೆ ಇಳಿಯುವ ನದಿಗಳ ಬಾಯಲ್ಲಿ ಬೇರೊಂದು ಬಗೆಯ ಮೀನುಗಾರಿಕೆ ಇದೆ. ಮಳೆಗಾಲದಲ್ಲಿ ಭತ್ತ ಬೆಳೆದ ಗದ್ದೆಯಲ್ಲೇ ಚಳಿಗಾಲದಲ್ಲಿ ಸಮುದ್ರದ ಸೀಗಡಿ ಹಿಡಿಯುತ್ತಾರೆ! ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಆ ಮಾತು ಯಾಕೆ ಎಂದು ನೀವು ಕೇಳಬಹುದು. ಅದು ಬರೀ ಮೀನಿನ ಕಥೆಯಲ್ಲ. ಹಲವಾರು ಮನೆಗಳು ಕೂಡಿ ಒಂದು ಏರಿಯನ್ನು ಕಾಯ್ದ ಕಥೆ, ಕಾಯುವುದನ್ನು ಬಿಟ್ಟಾಗ ಏನಾಯಿತೆಂಬ ಕಥೆ. ಆದ್ದರಿಂದಲೇ ಇಲ್ಲಿ ಹೇಳುತ್ತಿದ್ದೇವೆ.

ಅಘನಾಶಿನಿ ನದಿ ಶಿರಸಿಯಲ್ಲಿ ಹುಟ್ಟಿ, ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಎಂಬ ಊರುಗಳ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ. ಸೇರುವ ಮುನ್ನ ಅಗಲವಾಗಿ ಹರಡಿ, ಹೆಚ್ಚು ಆಳವಿಲ್ಲದ ಹಿನ್ನೀರಾಗುತ್ತದೆ. ಇದಕ್ಕೆ ಅಳಿವೆ ಅಂತಾರೆ. ದಿನಕ್ಕೆರಡು ಸಲ ಉಬ್ಬರದಲ್ಲಿ ಉಪ್ಪುನೀರು ಒಳಗೆ ಬರುತ್ತದೆ, ಎರಡು ಸಲ ಇಳಿತದಲ್ಲಿ ಹೊರಗೆ ಹೋಗುತ್ತದೆ. ಅಳಿವೆಯ ಅಂಚಿನ ತಗ್ಗು ನೆಲಕ್ಕೆ ಏರಿ ಹಾಕಿ, ತೂಬು ಇಟ್ಟು ಮಾಡಿದ ಬಯಲೇ ಗಜನಿ. ಗೋವಾದ ಖಜನ್, ಕೇರಳದ ಪೊಕ್ಕಾಳಿ ಗದ್ದೆಗಳೂ ಇದರ ಒಡಹುಟ್ಟುಗಳೇ.

ಗಜನಿಯ ವರ್ಷ ಹೀಗೆ ನಡೆಯುತ್ತದೆ. ಜೂನ್ ತಿಂಗಳ ಮಳೆ ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ತೂಬು ಮುಚ್ಚಿ, ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ. ಕಗ್ಗ ಎತ್ತರಕ್ಕೆ ಬೆಳೆಯುವ ತಳಿ. ನೆರೆ ನಿಂತರೂ, ಒಂದಷ್ಟು ಉಪ್ಪು ಸೇರಿದರೂ ತಾಳಿಕೊಳ್ಳುತ್ತದೆ. ಅಕ್ಟೋಬರ್–ನವೆಂಬರ್ ಹೊತ್ತಿಗೆ ಕೊಯ್ಲು. ಕೊಯ್ಲಾದ ಮೇಲೆ ತೂಬು ತೆರೆಯುತ್ತಾರೆ. ಉಬ್ಬರದ ನೀರಿನ ಜೊತೆ ಸೀಗಡಿ ಮರಿ, ಏಡಿ, ಸಣ್ಣಪುಟ್ಟ ಮೀನು ಒಳಗೆ ಬರುತ್ತವೆ. ನೀರಿನಲ್ಲಿ ಕೊಳೆಯುವ ಕೂಳೆಯೇ ಅವುಗಳಿಗೆ ಮೇವಿನ ಮೂಲ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ಆ ದಿನಗಳ ರಾತ್ರಿ, ನೀರು ಇಳಿಯುವ ಹೊತ್ತಿಗೆ, ತೂಬಿನ ಬಾಯಿಗೆ ಚೀಲದಂಥ ಬಲೆ ಕಟ್ಟಿದರೆ ಹೊರಹೋಗುವ ಸೀಗಡಿ ಬಲೆಗೆ ಬೀಳುತ್ತದೆ. ದೋಣಿ ಬೇಡ, ಎಂಜಿನ್ ಬೇಡ, ಸಮುದ್ರವೇ ತಂದುಕೊಡುತ್ತದೆ. ಮೀನು ಬಿಟ್ಟುಹೋದ ಕಸವೂ ಕೊಳೆತ ಕೂಳೆಯೂ ಮುಂದಿನ ಭತ್ತಕ್ಕೆ ಗೊಬ್ಬರ. ಕಗ್ಗಕ್ಕೆ ಅಂಗಡಿ ಗೊಬ್ಬರ ಹಾಕುವ ರೂಢಿ ಇರಲಿಲ್ಲ.

ಇದೆಲ್ಲ ನಡೆಯಬೇಕಾದರೆ ಏರಿ ಗಟ್ಟಿ ಇರಬೇಕು. ಒಂದು ಕಡೆ ಒಡೆದರೆ ಒಬ್ಬನ ಗದ್ದೆಯಲ್ಲ, ಇಡೀ ಬಯಲೇ ಉಪ್ಪಾಗುತ್ತದೆ. ಹಾಗಾಗಿ ತೂಬು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದನ್ನು ಎಲ್ಲರೂ ಕೂಡಿಯೇ ತೀರ್ಮಾನಿಸಬೇಕು. ಮಣ್ಣಿನ ಏರಿಗೆ ವರ್ಷ ವರ್ಷ ಊರವರೇ ಮಣ್ಣು ಹಾಕುತ್ತಿದ್ದರು. ಏರಿಯ ಹೊರಮೈಯಲ್ಲಿ ಬೆಳೆದ ಕಾಂಡ್ಲಾ ಗಿಡಗಳು ಅಲೆಯ ಹೊಡೆತ ತಡೆಯುತ್ತಿದ್ದವು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ನಮಗೆಲ್ಲ ಗೊತ್ತೇ ಇದೆ. ಕಾಯಿದೆಯ ಹಂಗಿಲ್ಲದ ಸಹಕಾರ ಗಜನಿಯ ಏರಿಯ ಮೇಲೂ ಇತ್ತು ಎಂದರೆ ಅತಿಶಯೋಕ್ತಿಯಲ್ಲ.

1960–70ರ ದಶಕಗಳಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಡಿ ಕಾಯಂ ಏರಿಗಳನ್ನು ಕಟ್ಟಿಸಿತು. ಅನುಕೂಲವೇನೋ ಆಯಿತು. ಆದರೆ ಏರಿ ಸರ್ಕಾರದ್ದಾದ ಮೇಲೆ ವರ್ಷಕ್ಕೊಮ್ಮೆ ಬುಟ್ಟಿ ಹೊತ್ತು ಸೇರುವ ಕೆಲಸವೂ ಸಡಿಲವಾಯಿತು. ಅಷ್ಟರಲ್ಲಿ ಸೀಗಡಿಗೆ ಹೊರದೇಶದಲ್ಲಿ ಬೆಲೆ ಬಂತು. ಮೀನಿನ ಹಕ್ಕನ್ನು ಹರಾಜು ಹಾಕಿ, ಬಂದ ಹಣವನ್ನು ಜಮೀನಿನ ಲೆಕ್ಕದಲ್ಲಿ ಹಂಚಿಕೊಳ್ಳುವುದು ಸುಲಭವೆನಿಸಿತು. ಗುತ್ತಿಗೆ ಹಿಡಿದವನಿಗೆ ಬೇಕಾದದ್ದು ಉಪ್ಪುನೀರು. ಜೂನ್‌ನಲ್ಲಿ ಭತ್ತಕ್ಕೆ ಬೇಕಾದದ್ದು ಸಿಹಿನೀರು. ಎರಡೂ ಒಂದೇ ತೂಬಿನ ಮೇಲೆ ನಿಂತಿವೆ ನೋಡ್ರಿ! ಹಲವು ಗಜನಿಗಳಲ್ಲಿ ಭತ್ತ ಸೋತಿತು. ಬಿತ್ತದೆ ಬಿಟ್ಟಲ್ಲಿ ಕಗ್ಗದ ಬೀಜವೂ ಮನೆಯಿಂದ ಹೋಯಿತು.

1990ರ ದಶಕದಲ್ಲಿ ಕರಾವಳಿಯಲ್ಲೆಲ್ಲ ಸೀಗಡಿ ಕೆರೆಗಳ ಭರಾಟೆ. 1994ರ ಸುಮಾರಿಗೆ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯ ಉದ್ದಕ್ಕೂ ಸೀಗಡಿ ಸಾಕಣೆ ನೆಲಕಚ್ಚಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸೀಗಡಿ ಉದ್ಯಮದ ಕೆರೆಗಳನ್ನು ತೆಗೆಯಲು ಆದೇಶಿಸಿತು. ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಹಳಬರ ಪದ್ಧತಿಯಲ್ಲಿ ತಿಳಿವಳಿಕೆ ಇತ್ತು ಎಂಬುದು ನ್ಯಾಯಾಲಯದ ಕಾಗದಕ್ಕೂ ಹತ್ತಿತು. ಅಷ್ಟು ಹೊತ್ತಿಗೆ ಎಷ್ಟೋ ಬಯಲು ಪಾಳು ಬಿದ್ದಿತ್ತು.

ಆದರೂ ಎಲ್ಲವೂ ಮುಗಿದಿಲ್ಲ. ಮಾಣಿಕಟ್ಟಾದ ರೈತರು ಸಂಘ ಕಟ್ಟಿಕೊಂಡು ಕಗ್ಗವನ್ನು ಉಳಿಸಿಕೊಂಡು ಬಂದಿದ್ದಾರೆ. ಅಳಿವೆಯಲ್ಲಿ ನೀರಿಳಿದಾಗ ಹೆಂಗಸರು ಗಂಡಸರು ಮೊಣಕಾಲುದ್ದ ನೀರಿಗಿಳಿದು ಚಿಪ್ಪುಮೀನು ಆರಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯವರು 2000ದ ದಶಕದಲ್ಲಿ ಮಾಡಿದ ಅಧ್ಯಯನದ ಪ್ರಕಾರ ಆಗ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಮೀನು ಸಿಗುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಅದೇ ಕೆಲಸವಾಗಿತ್ತು. 2024ರ ಜನವರಿಯಲ್ಲಿ 4,801 ಹೆಕ್ಟೇರಿನ ಅಘನಾಶಿನಿ ಅಳಿವೆ ರಾಮ್‌ಸಾರ್ ತಾಣವೆಂದು ಜಗತ್ತಿನ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಸಂತೋಷವೇ. ಆದರೆ ತೂಬಿನ ಹಲಗೆಯನ್ನು ಹೊತ್ತಿಗೆ ಸರಿಯಾಗಿ ಇಳಿಸುವ ಕೈ ಊರಿನದ್ದೇ ಆಗಬೇಕು.

ನಮ್ಮ ಸೀಮೆಯಲ್ಲಿ ಉಬ್ಬರವಿಲ್ಲ, ಇಳಿತವಿಲ್ಲ. ಆದರೆ ಕೆರೆಯಿದೆ, ನಾಲೆಯಿದೆ, ಕೊನೆಯ ಗದ್ದೆಗೆ ನೀರು ಮುಟ್ಟಿತೋ ಇಲ್ಲವೋ ಎಂಬ ಜಗಳವಿದೆ. ನಾಲೆ ಸರ್ಕಾರದ್ದು, ಹೂಳು ಯಾರದ್ದೋ ಅಂತ ಕೂತರೆ ಗಜನಿಗೆ ಬಂದ ಗತಿ ನಮಗೂ ದೂರವಿಲ್ಲ. ಹಾಗೆಯೇ ಸಂಘ. ಡಿವಿಡೆಂಡ್ ಹಂಚುವ ದಿನ ಎಲ್ಲರೂ ಬರುತ್ತೇವೆ. ಸಾಲ ತೀರಿಸುವ ದಿನ, ಮಹಾಸಭೆಯ ದಿನವೂ ಹಾಗೇ ಬರಬೇಕು. ಇಪ್ಪತ್ತೈದು ವರ್ಷ ಈ ಏರಿಗೆ ಮಣ್ಣು ಹೊತ್ತ ಹಿರಿಯರಿಗೆ ನಮಸ್ಕರಿಸುತ್ತಾ, ಮುಂದಿನ ಬುಟ್ಟಿಯನ್ನು ಕಿರಿಯರು ಎತ್ತಿಕೊಳ್ಳಲೆಂದು ಕೋರುತ್ತೇವೆ.