ಸಾರಜನಕದ ಜಮಾ-ಖರ್ಚು

ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದೆ. ಆದರೂ ಕೃಷಿಯ ಇತಿಹಾಸ ಬಹುಮಟ್ಟಿಗೆ ಸಾರಜನಕದ ಬರದ ಇತಿಹಾಸ. ಗಾಳಿಯಲ್ಲಿ ಇದರ ಎರಡೆರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಯಾವ ಗಿಡವೂ ಅದನ್ನು ನೇರವಾಗಿ ಬಳಸಿಕೊಳ್ಳಲಾರದು. ಸಿಡಿಲು ಮಿಂಚುಗಳು ಸ್ವಲ್ಪವನ್ನು ಬಿಡಿಸಿ ಮಳೆಯೊಂದಿಗೆ ಮಣ್ಣಿಗಿಳಿಸುತ್ತವೆ. ಹೆಚ್ಚಿನ ಪಾಲು ಕೆಲವು ಸೂಕ್ಷ್ಮಜೀವಿಗಳ ದುಡಿಮೆ. ಲೆಕ್ಕಪತ್ರದ ಕಸುಬಿನವನಾದ ನನಗೆ ಇದು ಮುರಿಯಲಾಗದ ಠೇವಣಿಯಂತೆ ಕಾಣುತ್ತದೆ. ಪುಸ್ತಕದಲ್ಲಿ ಅಪಾರ ಹಣ, ಕೈಗೆ ಬರುವುದು ಚಿಲ್ಲರೆ.

ಈ ಚಿಲ್ಲರೆಯನ್ನು ಜೋಪಾನವಾಗಿ ಬಳಸುವುದನ್ನು ರೈತರು ಬಹಳ ಹಿಂದೆಯೇ ಕಲಿತಿದ್ದರು. ನಮ್ಮ ಬಯಲುಸೀಮೆಯ ರಾಗಿ ಹೊಲದಲ್ಲಿ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದರು. ತಿಪ್ಪೆಗೊಬ್ಬರ ಹೊಲಕ್ಕೆ ಮರಳುತ್ತಿತ್ತು. ಯುರೋಪಿನಲ್ಲಿ ಗೋಧಿಯ ನಂತರ ಕ್ಲೋವರ್ ಅಥವಾ ಬಟಾಣಿಯ ಸರದಿ. ದ್ವಿದಳ ಬೆಳೆ ಮಣ್ಣಿಗೆ ಕಸುವು ಕೊಡುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಜರ್ಮನಿಯಲ್ಲಿ. ಹೆರ್ಮಾನ್ ಹೆಲ್‌ರೀಗೆಲ್ ತಮ್ಮ ಸಹೋದ್ಯೋಗಿ ವಿಲ್ಫಾರ್ತ್ ಜೊತೆ ಬಟಾಣಿಯನ್ನು ಮರಳಿನಲ್ಲಿ ಬೆಳೆಸಿ ನೋಡಿದರು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಿಡಕ್ಕೆ ಗಾಳಿಯ ಸಾರಜನಕ ದಕ್ಕುತ್ತದೆಂದು 1886ರಲ್ಲಿ ಪ್ರಕಟಿಸಿದರು.

ಅದೇ ದಶಕದಲ್ಲಿ ಫ್ರಾನ್ಸಿನ ಗಯೋಂ ಮತ್ತು ದ್ಯುಪೆತಿ, ಬೇರೆ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಹಿಂದಿರುಗಿಸುತ್ತವೆಂದು ತೋರಿಸಿದ್ದರು. ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುವುದು ಯಾವ ಜೀವಿಗಳಿಂದ ಎಂಬುದನ್ನು 1890ರ ಹೊತ್ತಿಗೆ ವಿನೋಗ್ರಾದ್‌ಸ್ಕಿ ಬಿಡಿಸಿಟ್ಟರು. ಗಾಳಿಯಿಂದ ಮಣ್ಣಿಗೆ, ಮಣ್ಣಿನಿಂದ ಗಿಡ ಮತ್ತು ಪ್ರಾಣಿಗಳಿಗೆ, ಕೊಳೆತು ಮತ್ತೆ ಮಣ್ಣಿಗೆ, ಅಲ್ಲಿಂದ ಗಾಳಿಗೆ: ಚಕ್ರ ಪೂರ್ತಿಯಾಯಿತು. ಜಮಾ, ಖರ್ಚು ಎರಡೂ ಬದಿಗಳು ತಿಳಿದಿದ್ದವು.

ಆದರೆ ಮುಂದಿನ ಇತಿಹಾಸ ಜಮಾ ಬದಿಯನ್ನು ಮಾತ್ರ ಓದಿತು. ಹೊಟ್ಟೆಯ ಚಿಂತೆ ಅಷ್ಟು ದೊಡ್ಡದಿತ್ತು. ಪೆರುವಿನ ಚಿಂಚಾ ದ್ವೀಪಗಳ ಹಕ್ಕಿಹಿಕ್ಕೆಯನ್ನು ಯುರೋಪು ಹಡಗುಗಟ್ಟಲೆ ತರಿಸಿಕೊಂಡು ಬರಿದು ಮಾಡಿತು. ಅಟಕಾಮಾ ಮರುಭೂಮಿಯ ನೈಟ್ರೇಟ್ ನೆಲಕ್ಕಾಗಿ ಚಿಲಿ ದೇಶ ಪೆರು ಮತ್ತು ಬೊಲಿವಿಯಾಗಳೊಡನೆ 1879ರಿಂದ ಯುದ್ಧ ಮಾಡಿ ಗೆದ್ದಿತು. ಆ ನೈಟ್ರೇಟೂ ಮುಗಿಯುತ್ತದೆ, ಗಾಳಿಯ ಸಾರಜನಕವನ್ನು ಹಿಡಿಯದಿದ್ದರೆ ಗೋಧಿ ತಿನ್ನುವ ಜನಕ್ಕೆ ಕೊರತೆ ಖಂಡಿತ ಎಂದು 1898ರಲ್ಲಿ ಬ್ರಿಟನ್ನಿನ ವಿಲಿಯಂ ಕ್ರೂಕ್ಸ್ ಎಚ್ಚರಿಸಿದರು.

1909ರ ಜುಲೈಯಲ್ಲಿ ಕಾರ್ಲ್ಸ್‌ರೂಹೆಯ ಪ್ರಯೋಗಾಲಯದಲ್ಲಿ ಫ್ರಿಟ್ಸ್ ಹಾಬರ್ ಅದನ್ನು ಮಾಡಿ ತೋರಿಸಿದರು. ಭಾರಿ ಒತ್ತಡ, ಭಾರಿ ಶಾಖ, ಒಂದು ವೇಗವರ್ಧಕ. ಸಾರಜನಕ ಮತ್ತು ಜಲಜನಕ ಸೇರಿ ಅಮೋನಿಯಾ ಹನಿಹನಿಯಾಗಿ ಇಳಿಯಿತು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಅಳತೆಗೆ ಬೆಳೆಸಿದರು. 1913ರಲ್ಲಿ ರೈನ್ ನದಿಯ ದಡದ ಒಪ್ಪಾವಿನಲ್ಲಿ ಉತ್ಪಾದನೆ ಶುರುವಾಯಿತು. ಮರುವರ್ಷವೇ ಮಹಾಯುದ್ಧ. ಬ್ರಿಟಿಷ್ ನೌಕಾಪಡೆ ಚಿಲಿಯ ನೈಟ್ರೇಟನ್ನು ತಡೆದಾಗ ಜರ್ಮನಿಯ ಮದ್ದುಗುಂಡುಗಳಿಗೆ ನೈಟ್ರೇಟ್ ಒದಗಿಸಿದ್ದು ಇದೇ ಅಮೋನಿಯಾ. ಯುದ್ಧ ಮುಗಿದ ಮೇಲೂ ಅಪಾಯ ತೀರಲಿಲ್ಲ. 1921ರ ಸೆಪ್ಟೆಂಬರ್ 21ರಂದು ಒಪ್ಪಾವಿನಲ್ಲಿ ಗಟ್ಟಿಯಾಗಿ ಕೂತಿದ್ದ ಗೊಬ್ಬರದ ರಾಶಿಯನ್ನು ಸಡಿಲಿಸಲು, ಹಿಂದೆ ಎಷ್ಟೋ ಬಾರಿ ಮಾಡಿದಂತೆಯೇ, ಸಿಡಿಮದ್ದು ಇಟ್ಟರು. ರಾಶಿಯೇ ಸ್ಫೋಟಿಸಿ 500ಕ್ಕೂ ಹೆಚ್ಚು ಜನ ಸತ್ತರು.

ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಊಟ ಈ ವಿಧಾನವನ್ನು ನಂಬಿದೆ ಎಂಬ ಅಂದಾಜಿದೆ. ನಮ್ಮಲ್ಲೂ ಸ್ವಾತಂತ್ರ್ಯಕ್ಕೆ ಮೊದಲೇ ಮೈಸೂರಿನ ಬಳಿಯ ಬೆಳಗೊಳದಲ್ಲಿ ಕೃತಕ ಗೊಬ್ಬರದ ಕಾರ್ಖಾನೆ ತಲೆಯೆತ್ತಿತ್ತು. ಹಾಗಾಗಿ ರಾಸಾಯನಿಕ ಗೊಬ್ಬರವನ್ನು ಸುಮ್ಮನೆ ಬಯ್ಯುವುದು ಹೊಟ್ಟೆ ತುಂಬಿದವರ ಮಾತು. ಆದರೆ ಖರ್ಚಿನ ಬದಿ ಎಲ್ಲಿಗೂ ಹೋಗಿಲ್ಲ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸುಮಾರು 21 ಕಿಲೋ ಸಾರಜನಕವಿರುತ್ತದೆ. ಭತ್ತದ ಗದ್ದೆಗೆ ಎರಚಿದಾಗ ಅನೇಕ ಸಲ ಅದರ ಅರ್ಧವೂ ಬೆಳೆಗೆ ಸೇರುವುದಿಲ್ಲ. ಉಳಿದದ್ದರಲ್ಲಿ ಒಂದಿಷ್ಟು ಅಮೋನಿಯಾ ಆಗಿ ಹಾರುತ್ತದೆ, ಒಂದಿಷ್ಟು ನೈಟ್ರೇಟ್ ಆಗಿ ಬಾವಿ, ಕೆರೆಗಳಿಗೆ ಇಳಿಯುತ್ತದೆ, ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ.

ಹೆಲ್‌ರೀಗೆಲ್, ಹಾಬರ್ ಇಬ್ಬರನ್ನೂ ಕೊಟ್ಟ ಜರ್ಮನಿಯೇ ಈ ಬಾಕಿಗಾಗಿ ಕಟಕಟೆ ಹತ್ತಬೇಕಾಯಿತು. ಅಂತರ್ಜಲವನ್ನು ನೈಟ್ರೇಟಿನಿಂದ ಕಾಪಾಡಲು ಸಾಕಷ್ಟು ಕ್ರಮ ಕೈಗೊಂಡಿಲ್ಲವೆಂದು 2018ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದರ ವಿರುದ್ಧ ತೀರ್ಪು ಕೊಟ್ಟಿತು. 2020ರಲ್ಲಿ ಅಲ್ಲಿನ ಗೊಬ್ಬರದ ನಿಯಮಗಳು ಇನ್ನಷ್ಟು ಬಿಗಿಯಾದವು. ಅಲ್ಲಿನ ರೈತ ಈಗ ಬೆಳೆಗೆ ಎಷ್ಟು ಸಾರಜನಕ ಬೇಕೆಂದು ಮೊದಲೇ ಲೆಕ್ಕಹಾಕಬೇಕು, ಹಾಕಿದ್ದನ್ನು ಬರೆದಿಡಬೇಕು. ರೈತರಿಗೆ ಇದು ಕಿರಿಕಿರಿಯೇ. ಆದರೆ ನಮ್ಮ ಊರುಗಳಲ್ಲಿ ಯೂರಿಯಾ ಅಗ್ಗ, ಮಣ್ಣು ಪರೀಕ್ಷೆ ಅಪರೂಪ. ಪಕ್ಕದ ಹೊಲದವನು ಎಷ್ಟು ಹಾಕಿದನೆಂದು ನೋಡಿ ಚೀಲ ಬಿಚ್ಚುವ ಬದಲು, ಮಣ್ಣಲ್ಲಿ ಈಗಾಗಲೇ ಎಷ್ಟಿದೆ ಎಂದು ತಿಳಿದು ಬಿಚ್ಚಿದರೆ ದುಡ್ಡೂ ಉಳಿದೀತು, ಬಾವಿಯ ನೀರೂ ಉಳಿದೀತು.