ಸ್ಕೌಟ್ ಚಳವಳಿಯ ಶೌರ್ಯ ಪುರಸ್ಕಾರಗಳು

ಸ್ಕೌಟ್ ಚಳವಳಿಯ ಶೌರ್ಯ ಪುರಸ್ಕಾರಗಳು ಎಂದರೆ ಪರರ ಪ್ರಾಣವನ್ನು ಉಳಿಸಲು ತಮ್ಮನ್ನು ಅಪಾಯಕ್ಕೆ ಒಡ್ಡಿಕೊಂಡ ಬಾಲಕ ಬಾಲಕಿಯರಿಗೂ ಅವರ ನಾಯಕರಿಗೂ ಸ್ಕೌಟ್ ಸಂಸ್ಥೆಗಳು ನೀಡುವ ಪದಕಗಳು ಮತ್ತು ಪ್ರಶಂಸಾಪತ್ರಗಳು. ಉಳಿಸಿದ ಜೀವಗಳ ಸಂಖ್ಯೆಯಾಗಲಿ, ಪ್ರಯತ್ನದ ಯಶಸ್ಸಾಗಲಿ ಇವುಗಳ ದರ್ಜೆಯನ್ನು ನಿರ್ಧರಿಸುವುದಿಲ್ಲ; ಎದುರಿಸಿದ ಅಪಾಯದ ಪ್ರಮಾಣವೇ ಮುಖ್ಯ ಅಳತೆಗೋಲು. ಭಾರತದಲ್ಲಿ ಮಕ್ಕಳಿಗೆ ನೀಡಲಾಗುವ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯ ಹುಟ್ಟಿಗೂ ಒಬ್ಬ ಸ್ಕೌಟ್ ಬಾಲಕನ ಸಾಹಸವೇ ಕಾರಣವಾಯಿತು.

ಹಿನ್ನೆಲೆ

ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬಾಲಕರ ಪ್ರಾಯೋಗಿಕ ಶಿಬಿರವೊಂದನ್ನು ನಡೆಸಿದರು. ಮರುವರ್ಷ ಪ್ರಕಟವಾದ ಅವರ 'ಸ್ಕೌಟಿಂಗ್ ಫಾರ್ ಬಾಯ್ಸ್' ಕೃತಿಯಿಂದ ಚಳವಳಿಯು ವ್ಯಾಪಕವಾಗಿ ಹರಡಿತು. 'ಸಿದ್ಧರಾಗಿರಿ' ಎಂಬುದು ಅದರ ಧ್ಯೇಯವಾಕ್ಯ. ಪ್ರಥಮ ಚಿಕಿತ್ಸೆ, ಗಂಟು ಹಾಕುವುದು, ಈಜು, ಬೆಂಕಿಯಲ್ಲಿ ಸಿಲುಕಿದವರನ್ನು ಪಾರುಮಾಡುವುದು ಮುಂತಾದವು ಶಿಕ್ಷಣದ ಅಂಗಗಳಾದುದರಿಂದ, ಪ್ರಾಣರಕ್ಷಣೆ ಮಾಡಿದ ಸ್ಕೌಟರಿಗೆ ಪದಕ ನೀಡುವ ಪದ್ಧತಿಯೂ ಆರಂಭದ ವರ್ಷಗಳಲ್ಲಿಯೇ ಬೆಳೆದುಬಂದಿತು.

ಬ್ರಿಟನ್ನಿನ ಪದಕಗಳು

ಬ್ರಿಟನ್ನಿನ ಸ್ಕೌಟ್ ಸಂಸ್ಥೆಯು ಶೌರ್ಯಕ್ಕಾಗಿ ಮೂರು ದರ್ಜೆಯ ಪದಕಗಳನ್ನು ನೀಡುತ್ತದೆ.

• ಕಂಚಿನ ಕ್ರಾಸ್: ಅಸಾಧಾರಣ ಅಪಾಯದ ನಡುವೆ ತೋರಿದ ವಿಶೇಷ ಶೌರ್ಯಕ್ಕೆ. ಕೆಂಪು ಪಟ್ಟಿ.
• ಬೆಳ್ಳಿಯ ಕ್ರಾಸ್: ಗಣನೀಯ ಅಪಾಯವಿದ್ದ ಸಂದರ್ಭಕ್ಕೆ. ನೀಲಿ ಪಟ್ಟಿ.
• ಚಿನ್ನದ ಲೇಪದ ಕ್ರಾಸ್: ಸಾಧಾರಣ ಅಪಾಯವಿದ್ದ ಸಂದರ್ಭಕ್ಕೆ. ಕೆಂಪು ಮತ್ತು ನೀಲಿ ಪಟ್ಟಿ.

ಲೋಹದ ಬೆಲೆಯನ್ನು ನೋಡಿದರೆ ಈ ಕ್ರಮ ತಲೆಕೆಳಗಾದಂತೆ ಕಾಣುತ್ತದೆ. ಇಲ್ಲಿ ಕಂಚು ಎಲ್ಲಕ್ಕಿಂತ ಮೇಲು, ಚಿನ್ನದ ಲೇಪ ಎಲ್ಲಕ್ಕಿಂತ ಕೆಳಗು. ಬ್ರಿಟನ್ನಿನ ಅತ್ಯುನ್ನತ ಸೈನಿಕ ಪದಕವಾದ ವಿಕ್ಟೋರಿಯಾ ಕ್ರಾಸ್ ಕೂಡ ಕಂಚಿನದೇ.

ಜ್ಯಾಕ್ ಕಾರ್ನ್‌ವೆಲ್

ಕಂಚಿನ ಕ್ರಾಸ್ ಪಡೆದವರಲ್ಲಿ ಜ್ಯಾಕ್ ಕಾರ್ನ್‌ವೆಲ್ ಅತ್ಯಂತ ಪ್ರಸಿದ್ಧನು. 1900ರ ಜನವರಿ 8ರಂದು ಲಂಡನ್ ಸಮೀಪದ ಲೇಟನ್‌ನಲ್ಲಿ ಹುಟ್ಟಿದ ಈತ ಸ್ಕೌಟ್ ಆಗಿದ್ದು, ಮುಂದೆ ನೌಕಾಪಡೆಯನ್ನು ಸೇರಿದನು. 1916ರ ಮೇ 31ರಂದು ನಡೆದ ಜಟ್ಲೆಂಡ್ ಕದನದಲ್ಲಿ 'ಚೆಸ್ಟರ್' ಎಂಬ ಯುದ್ಧನೌಕೆಯ ಫಿರಂಗಿಯೊಂದರ ಬಳಿ ಅವನಿಗೆ ಕೆಲಸವಿತ್ತು. ಸುತ್ತಲಿದ್ದ ಸಂಗಡಿಗರೆಲ್ಲ ಸತ್ತೋ ಗಾಯಗೊಂಡೋ ಬಿದ್ದಾಗಲೂ, ತೀವ್ರವಾಗಿ ಗಾಯಗೊಂಡಿದ್ದ ಕಾರ್ನ್‌ವೆಲ್ ಆಜ್ಞೆಗಾಗಿ ಕಾಯುತ್ತ ತನ್ನ ಸ್ಥಾನದಲ್ಲಿಯೇ ನಿಂತಿದ್ದನು. ಜೂನ್ 2ರಂದು ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ ಮೃತಪಟ್ಟಾಗ ಅವನಿಗೆ ಹದಿನಾರು ವರ್ಷ.

ಅವನಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಮತ್ತು ಸ್ಕೌಟ್ ಸಂಸ್ಥೆಯ ಕಂಚಿನ ಕ್ರಾಸ್ ದೊರೆತವು. ಅದೇ ವರ್ಷ ಅವನ ಹೆಸರಿನಲ್ಲಿ 'ಕಾರ್ನ್‌ವೆಲ್ ಸ್ಕೌಟ್ ಬ್ಯಾಡ್ಜ್' ಸ್ಥಾಪನೆಯಾಯಿತು. ಒಂದು ಕ್ಷಣದ ಸಾಹಸವಷ್ಟೇ ಇದಕ್ಕೆ ಸಾಲದು. ಉನ್ನತ ಶೀಲ, ಕರ್ತವ್ಯನಿಷ್ಠೆ, ಧೈರ್ಯ ಹಾಗೂ ಸಹನಶಕ್ತಿ ಇವೆಲ್ಲವೂ ಪರಿಗಣನೆಗೆ ಬರುತ್ತವೆ.

ಅಮೆರಿಕದ ಪದ್ಧತಿ

1910ರಲ್ಲಿ ಸ್ಥಾಪಿತವಾದ ಅಮೆರಿಕದ ಸ್ಕೌಟ್ ಸಂಸ್ಥೆಯಲ್ಲಿ 'ಆನರ್ ಮೆಡಲ್' ಮುಖ್ಯವಾದುದು. ತೀವ್ರ ಅಪಾಯವನ್ನು ಎದುರಿಸಿದವರಿಗೆ ಇದನ್ನು ಅಡ್ಡವಿಟ್ಟ ಎರಡು ತಾಳೆಗರಿಗಳ ಲಾಂಛನದೊಡನೆ ನೀಡುತ್ತಾರೆ. ಅಪಾಯ ಕಡಿಮೆಯಿದ್ದ ಸಂದರ್ಭಕ್ಕೆ 'ಹೀರೋಯಿಸಂ ಅವಾರ್ಡ್' ಇದೆ. ಈ ನಿಯಮಗಳಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಪ್ರಾಣವನ್ನು ಉಳಿಸಿದವರಂತೆಯೇ ಉಳಿಸಲು ಯತ್ನಿಸಿ ವಿಫಲರಾದವರೂ ಅರ್ಹರು. ಎರಡನೆಯದಾಗಿ, ಧೈರ್ಯದ ಜೊತೆಗೆ ಕೌಶಲ ಅಥವಾ ಸಮಯೋಚಿತ ಬುದ್ಧಿಯೂ ಕಂಡುಬರಬೇಕು. ಪ್ರಸ್ತಾವದೊಂದಿಗೆ ಪ್ರತ್ಯಕ್ಷದರ್ಶಿಗಳ ಹೇಳಿಕೆಗಳನ್ನು ಸಲ್ಲಿಸಬೇಕಾಗುತ್ತದೆ.

ಭಾರತದಲ್ಲಿ

ಭಾರತದಲ್ಲಿದ್ದ ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು ಒಂದುಗೂಡಿ 1950ರ ನವೆಂಬರ್ 7ರಂದು 'ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್' ಸ್ಥಾಪನೆಯಾಯಿತು. ಆದರೆ ಮಕ್ಕಳ ಶೌರ್ಯವನ್ನು ರಾಷ್ಟ್ರಮಟ್ಟದಲ್ಲಿ ಗುರುತಿಸುವ ಕ್ರಮವು ಮೊದಲಾದುದು 1957ರ ಘಟನೆಯೊಂದರಿಂದ. ಆ ವರ್ಷದ ಅಕ್ಟೋಬರ್ 2ರಂದು ದೆಹಲಿಯಲ್ಲಿ ರಾಮಲೀಲಾ ಪ್ರದರ್ಶನ ನಡೆಯುತ್ತಿದ್ದಾಗ, ಪ್ರೇಕ್ಷಕರಿಂದ ತುಂಬಿದ್ದ ಶಾಮಿಯಾನಕ್ಕೆ ಬೆಂಕಿ ಹತ್ತಿಕೊಂಡಿತು. ಪ್ರಧಾನಿ ಜವಾಹರಲಾಲ್ ನೆಹರೂ ಅಲ್ಲಿದ್ದರು. ಸ್ವಯಂಸೇವಕನಾಗಿ ನಿಯೋಜಿತನಾಗಿದ್ದ ಹದಿನಾಲ್ಕು ವರ್ಷದ ಸ್ಕೌಟ್ ಹರೀಶ್ ಚಂದ್ರ ಮೆಹ್ರಾ ತನ್ನ ಚಾಕುವಿನಿಂದ ಶಾಮಿಯಾನದ ಬಟ್ಟೆಯನ್ನು ಸೀಳಿ, ಸಿಕ್ಕಿಬಿದ್ದವರು ಹೊರಬರಲು ದಾರಿ ಮಾಡಿಕೊಟ್ಟನು.

ಇದರಿಂದ ಪ್ರಭಾವಿತರಾದ ನೆಹರೂ, ಇಂತಹ ಮಕ್ಕಳನ್ನು ಗೌರವಿಸುವ ವ್ಯವಸ್ಥೆಯಾಗಬೇಕೆಂದು ಬಯಸಿದರು. ಭಾರತೀಯ ಮಕ್ಕಳ ಕಲ್ಯಾಣ ಮಂಡಳಿಯು ಈ ಹೊಣೆಯನ್ನು ಹೊತ್ತು, 1958ರ ಫೆಬ್ರವರಿ 4ರಂದು ಮೊದಲ ಪ್ರದಾನ ಸಮಾರಂಭ ನಡೆಯಿತು. ದೆಹಲಿಯಲ್ಲಿ ಅಪಹರಣಕಾರರನ್ನು ಪ್ರತಿಭಟಿಸಿ ಹತರಾದ ಅಕ್ಕ ತಮ್ಮಂದಿರ ನೆನಪಿಗಾಗಿ ಗೀತಾ ಚೋಪ್ರಾ ಮತ್ತು ಸಂಜಯ್ ಚೋಪ್ರಾ ಪ್ರಶಸ್ತಿಗಳು 1978ರಲ್ಲಿ ಸೇರಿದವು. ಭಾರತ್ ಪ್ರಶಸ್ತಿ 1987ರಲ್ಲಿಯೂ ಬಾಪು ಗಾಯಧನಿ ಪ್ರಶಸ್ತಿ 1988ರಲ್ಲಿಯೂ ಆರಂಭವಾದವು. ಪುರಸ್ಕೃತರು ದೀರ್ಘಕಾಲ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಆನೆಯ ಮೇಲೆ ಕುಳಿತು ಸಾಗುತ್ತಿದ್ದರು. ಪದಕದ ಜೊತೆಗೆ ವಿದ್ಯಾಭ್ಯಾಸಕ್ಕೆ ಧನಸಹಾಯ ನೀಡುವುದೂ ಮಂಡಳಿಯ ಯೋಜನೆಯಲ್ಲಿದೆ. ಕೇಂದ್ರ ಸರ್ಕಾರವು ಪ್ರತ್ಯೇಕವಾಗಿ ನೀಡುವ 'ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ'ದಲ್ಲಿಯೂ ಶೌರ್ಯದ ವಿಭಾಗವಿದೆ.

ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಬಾಲಕರಿಗೆ 'ಹೊಯ್ಸಳ', ಬಾಲಕಿಯರಿಗೆ 'ಕೆಳದಿ ಚೆನ್ನಮ್ಮ' ಎಂಬ ಹೆಸರಿನ ಶೌರ್ಯ ಪ್ರಶಸ್ತಿಗಳನ್ನು ನೀಡುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಯ ನೆರೆ ಬಂದಾಗ, ನೀರಿನಲ್ಲಿ ಮುಳುಗಿದ್ದ ಸೇತುವೆಯ ಮೇಲೆ ಮುಂದೆ ನಡೆದು ಆಂಬ್ಯುಲೆನ್ಸ್‌ಗೆ ದಾರಿ ತೋರಿದ ರಾಯಚೂರು ಜಿಲ್ಲೆಯ ಬಾಲಕನೊಬ್ಬನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಸಂದಿತು.

ಶೌರ್ಯ ಮತ್ತು ದುಸ್ಸಾಹಸ

ಅಪಾಯವನ್ನೇ ಅಳತೆಗೋಲಾಗಿಸಿದರೆ ಮಕ್ಕಳು ಪದಕದ ಆಸೆಯಿಂದ ದುಡುಕಬಹುದಲ್ಲವೇ ಎಂಬ ಆಕ್ಷೇಪವು ಇಂತಹ ಪುರಸ್ಕಾರಗಳನ್ನು ಕುರಿತು ಸಹಜವಾಗಿ ಏಳುತ್ತದೆ. ಯುದ್ಧಕಾಲದಲ್ಲಿ ಕಾರ್ನ್‌ವೆಲ್‌ನ ಸಾವು ದೇಶಾಭಿಮಾನದ ಪ್ರಚಾರಕ್ಕೆ ಬಳಕೆಯಾದುದೂ ಈ ಪ್ರಶ್ನೆಗೆ ತೂಕ ನೀಡುತ್ತದೆ. ಹದಿನಾರರ ಹುಡುಗನನ್ನು ಕೊಂಡಾಡುವಾಗ, ಅವನನ್ನು ಅಂತಹ ಸ್ಥಾನದಲ್ಲಿ ನಿಲ್ಲಿಸಿದ ಹಿರಿಯರ ಹೊಣೆಯನ್ನು ಮರೆಯುವ ಸಾಧ್ಯತೆಯಿರುತ್ತದೆ.

ಇದಕ್ಕೆ ಸ್ಕೌಟ್ ಶಿಕ್ಷಣದಲ್ಲಿ ದೊರೆಯುವ ಉತ್ತರವು ತರಬೇತಿಯೇ ಆಗಿದೆ. ಮುಳುಗುತ್ತಿರುವವರನ್ನು ಕಾಪಾಡಲು ಕಲಿಸುವ ಕ್ರಮ ಇದಕ್ಕೆ ಒಳ್ಳೆಯ ನಿದರ್ಶನ: ಮೊದಲು ದಡದಿಂದಲೇ ಕೈ ಅಥವಾ ಕೋಲನ್ನು ಚಾಚಬೇಕು, ಅದು ನಿಲುಕದಿದ್ದರೆ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಬೇಕು, ಅನಂತರ ದೋಣಿಯಲ್ಲಿ ಹೋಗಬೇಕು, ಬೇರೆ ದಾರಿಯಿಲ್ಲದಾಗ ಮಾತ್ರ, ತರಬೇತಿ ಪಡೆದವರು ಇತರರ ನೆರವಿನೊಡನೆ ನೀರಿಗಿಳಿಯಬೇಕು. ಹರೀಶ್ ಚಂದ್ರನ ಪ್ರಸಂಗದಲ್ಲಿಯೂ ಕಾಣುವುದು ಇದೇ. ಸ್ಕೌಟನ ಬಳಿ ಇರಬೇಕಾದ ಚಾಕು ಅವನಲ್ಲಿತ್ತು. ಅದನ್ನು ಯಾವಾಗ ಬಳಸಬೇಕೆಂಬುದು ಅವನಿಗೆ ತಿಳಿದಿತ್ತು. ಶೌರ್ಯ ಪದಕವು ಗೌರವಿಸುವುದು ಒಂದು ಕ್ಷಣವನ್ನಾದರೂ, ಆ ಕ್ಷಣಕ್ಕೆ ಮಗುವನ್ನು ಅಣಿಗೊಳಿಸಿರುವುದು ಅದಕ್ಕೆ ಹಿಂದಿನ ಅಭ್ಯಾಸ.

ಇವನ್ನೂ ನೋಡಿ

• ರಾಬರ್ಟ್ ಬೇಡನ್ ಪೊವೆಲ್
• ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್
• ರಾಷ್ಟ್ರೀಯ ಶೌರ್ಯ ಪ್ರಶಸ್ತಿ